ಯಾರ ಮನೆಯ ಹೆಪ್ಪು

ನನಗಿರುವುದು ಒಬ್ಬಳೇ ಮಗಳು. ಹೋದ ವರ್ಷ ಕಬ್ಬು ನುರಿಸುವ ಕಾಲದಲ್ಲಿ ಜಮಖಂಡಿಯ ಕಾಲೇಜಿನವರು ನನಗೆ ಒಬ್ಬ ಮಗನನ್ನೂ ಕೊಟ್ಟರು. ಹೊರಲಿಲ್ಲ, ಹೆರಲಿಲ್ಲ, ಹಾಲು ಕುಡಿಸಲಿಲ್ಲ. ಒಮ್ಮೆಲೇ ಮೀಸೆ ಬಂದ ಮಗ. ಮೋಟರ್ ಸೈಕಲ್ ಇದ್ದ ಮಗ. ಹೆಸರು ಚಿದಾನಂದ. ನಾನು ದುಡಿಯುವ ಬೆಲ್ಲದ ಗಾಣದ ಮಾಲೀಕ ಗಿರಿಮಲ್ಲಪ್ಪ ಸಾವುಕಾರರ ಒಬ್ಬನೇ ಗಂಡುಮಗ.

ಅವನು ನನ್ನ ಮಗನಾದದ್ದು ಹೇಗೆಂದು ಬರೆಯುತ್ತೇನೆ. ಒಲೆಯ ಮೇಲೆ ಬೇಳೆ ಇಟ್ಟಿದ್ದೇನೆ. ಅದು ಬೇಯುವುದಕ್ಕೆ ಹೊತ್ತಿದೆ.

ನಮ್ಮ ಊರು ಮಹಾಲಿಂಗಪುರದ ಆಚೆ. ಮಾದರ ಕೇರಿ. ಗಂಡ ತೀರಿಹೋದ ಮೇಲೆ ನಾನು ಗಾಣಕ್ಕೆ ಹೋಗುತ್ತೇನೆ. ಅಲ್ಲಿ ನಮ್ಮ ಕೇರಿಯ ಹೆಂಗಸರದು ಒಂದೇ ಕೆಲಸ. ಯಂತ್ರ ಕಬ್ಬನ್ನು ಹಿಂಡಿ ಉಗುಳಿದ ಹಸಿ ಸಿಪ್ಪೆಯನ್ನು ಬುಟ್ಟಿಯಲ್ಲಿ ಹೊರಬೇಕು. ಬಯಲಿನಲ್ಲಿ ಹರಡಬೇಕು. ತಿರುವಿ ಹಾಕಬೇಕು. ಒಣಗಿದ್ದನ್ನು ಮತ್ತೆ ಹೊತ್ತು ಒಲೆಯ ಬಾಯಿಗೆ ಸುರಿಯಬೇಕು. ಬುಟ್ಟಿಯಿಂದ ರಸ ಸೋರಿ ಕುತ್ತಿಗೆಗೆ ಇಳಿಯುತ್ತದೆ. ಅದರ ಮೇಲೆ ಧೂಳು ಕೂರುತ್ತದೆ. ಧೂಳಿನ ಮೇಲೆ ನೊಣ ಕೂರುತ್ತದೆ. ಸಿಪ್ಪೆಯ ಎಳೆ ಮೊಳಕೈಯಲ್ಲಿ ಮುರಿದು ಕೂತರೆ ಸಂಜೆ ನನ್ನ ಮಗಳು ಶೈಲಾ ಪಿನ್ನಿನಿಂದ ಕೆದಕಿ ತೆಗೆಯಬೇಕು. ಇಷ್ಟಾದರೂ ಬೆಲ್ಲ ಕುದಿಯುವ ಕೊಪ್ಪರಿಗೆಯ ಹತ್ತಿರ ನಾವು ಹೋಗುವಂತಿಲ್ಲ. ಬೆಂಕಿ ನಮ್ಮದು. ಬೆಲ್ಲ ಅವರದು.

ಚಹಾ ಬರುತ್ತದೆ. ಉಳಿದ ಆಳುಗಳಿಗೆ ಸ್ಟೀಲ್ ಕಪ್ಪು. ನಮಗೆ ಕಾಗದದ ಕಪ್ಪು. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ ಸಾವುಕಾರರು, "ಕಾಗದದ್ದು ಆರೋಗ್ಯಕ್ಕ ಛಲೋ, ಸಾತಿ" ಎಂದರು. ನಮ್ಮ ಆರೋಗ್ಯದ ಮೇಲೆ ಅವರಿಗೆ ಅಷ್ಟು ಕಾಳಜಿ. ತಮ್ಮ ಆರೋಗ್ಯವನ್ನು ಮಾತ್ರ ಸ್ಟೀಲಿಗೆ ಬಿಟ್ಟುಕೊಟ್ಟಿದ್ದಾರೆ, ಪಾಪ.

ನನ್ನ ಹೆಸರು ಸಾತವ್ವ. ಗಾಣದಲ್ಲಿ ಮಾತ್ರ ಸಾತಿ.

ಶೈಲಾ ಕೊನೆಯ ವರ್ಷದ ಬಿ.ಎ. ನಿಮ್ಮ ಊರಿನ ಒಂದು ದುಡಿಮೆಯ ಬಗ್ಗೆ ಪ್ರಾಜೆಕ್ಟ್ ಬರೆದು ತನ್ನಿರಿ ಎಂದು ಅವಳ ತರಗತಿಗೆ ಹೇಳಿದ್ದರು. ಕಾಲೇಜಿನ ಗ್ರಂಥಾಲಯದ ಶುಭದಾ ಮೇಡಂ ಎಲ್ಲರನ್ನೂ ಕೂಡಿಸಿ ಒಂದು ಪಾಠವನ್ನೇ ಮಾಡಿದರಂತೆ. ಅದನ್ನು ಶೈಲಾ ನಾನು ರೊಟ್ಟಿ ಬಡಿಯುವಾಗ ಹೇಳಿದಳು.

"ಇನ್ನೊಬ್ಬರು ಬರದದ್ದನ್ನ ನಮ್ಮದು ಅಂತ ಬರದ್ರ ಅದು ಕಳವು ಬೇ. ಪುಸ್ತಕದಿಂದ ತಗೊಂಡ್ರ ಪುಸ್ತಕದ ಹೆಸರು. ಬಾಯಿಂದ ಕೇಳಿದ್ರ ಆ ಬಾಯಿಯವರ ಹೆಸರು. ಎಲ್ಲಾ ಕೊನೀ ಹಾಳ್ಯಾಗ ಬರೀಬೇಕು."

"ಇದನ್ನ ಹೇಳಾಕ ಕಾಲೇಜ್ ಬೇಕಾತೇನ? ಹೆಪ್ಪಿನ ಹಂಗ ಅಲ್ಲೇನ ಅದು?"

ನಮ್ಮ ಕೇರಿಯಲ್ಲಿ ಒಂದು ರೂಢಿ ಇದೆ. ಮೊಸರಿಗೆ ಹೆಪ್ಪು ತಂದವರು ಆ ಮೊಸರು ಉಣ್ಣುವಾಗ ಯಾರ ಮನೆಯ ಹೆಪ್ಪೆಂದು ಹೇಳಿಯೇ ಬಡಿಸಬೇಕು. ದುರಗವ್ವನ ಹೆಪ್ಪು, ನೋಡು ಹೆಂಗ ಗಟ್ಟಿ ಬಿದ್ದೈತಿ, ಅನ್ನಬೇಕು. ಹೇಳದೆ ಉಂಡರೆ ಮರುದಿನ ಮೊಸರು ನೀರಾಗುತ್ತದೆ ಎನ್ನುತ್ತಾರೆ. ನೀರಾದದ್ದನ್ನು ನಾನು ಕಂಡಿಲ್ಲ. ಆದರೆ ಹೇಳದೆ ಉಂಡವರನ್ನೂ ಕಂಡಿಲ್ಲ.

ಈ ಮಾತನ್ನೂ ಶೈಲಾ ತನ್ನ ಪ್ರಾಜೆಕ್ಟಿನಲ್ಲಿ ಹಾಕಿದಳು. ಗಾಣದ ಹೆಂಗಸರ ಬಗ್ಗೆಯೇ ಬರೆದಳು. ಬರೆದದ್ದನ್ನು ನನಗೆ ಓದಿ ಹೇಳುತ್ತಿದ್ದಳು. "ನಮ್ಮ ಅವ್ವ ಗಾಣದಲ್ಲಿ ಸಿಪ್ಪೆ ಒಣಗಿಸುತ್ತಾಳೆ" ಎಂದು ಶುರುವಾಗಿತ್ತು. ಕಾಗದದ ಕಪ್ಪಿನ ಭಾಗ ಬಂದಾಗ ನನ್ನ ಕೈಯಲ್ಲಿ ರೊಟ್ಟಿ ಹರಿಯಿತು.

"ಅದೊಂದು ಬ್ಯಾಡ ಮಗಳ. ಕೆಲಸಾ ಹೋಗತೈತಿ."

"ಖರೇ ಅಲ್ಲೇನ್ ಬೇ?"

"ಖರೇನ ಐತಿ. ಅದಕ್ಕ ಬ್ಯಾಡ."

ಅವಳು ಪೆನ್ನಿನ ಮುಚ್ಚಳ ಕಚ್ಚುತ್ತಾ ಕೂತಳು. "ಹಂಗಾರ ಕಪ್ಪೂ ತಗೀತೀನಿ, ನಿನ್ನ ಹೆಸರೂ ತಗೀತೀನಿ. ಇದೆಲ್ಲಾ ಎಲ್ಲಿಂದ ಬಂತು ಅಂದ್ರ ಗಾಳಿಯಿಂದ ಬಂತು ಅಂತೀನಿ."

ಹರಿದ ರೊಟ್ಟಿಯನ್ನು ಮತ್ತೆ ಉಂಡೆ ಮಾಡಿದೆ. "ಇರಲಿ ಬಿಡು," ಎಂದೆ. "ಆದ್ರ ಉಳಿದವರನ್ನ ಕೇಳಿ ಹೆಸರ ಬರಿ."

ಮನೆಮನೆಗೆ ಹೋಗಿ ಕೇಳಿದಳು. ದುರಗವ್ವ ನನ್ನ ಜೋಡಿ ಬುಟ್ಟಿ ಹೊರುವವಳು. ನಗುತ್ತಲೇ ಜಗಳ ತೆಗೆಯುವವಳು. "ಬರಿಯವ್ವಾ, ಬರಿ. ಆದ್ರ ಸಣ್ಣ ಅಕ್ಷರದಾಗ ಬ್ಯಾಡ. ರೇಷನ್ ಕಾರ್ಡಿನ್ಯಾಗ ಸಣ್ಣದ ಐತಿ, ಆಧಾರದಾಗ ಸಣ್ಣದ ಐತಿ. ಒಂದ ಕಡಿಗಾದ್ರೂ ದೊಡ್ಡದ ಇರಲಿ," ಎಂದಳು. ಇನ್ನೊಬ್ಬಳಿಗೆ ಗಂಡನ ಒಪ್ಪಿಗೆ ಬೇಕಿತ್ತು. ಮತ್ತೊಬ್ಬಳು ತವರಿಗೆ ಹೋಗಿದ್ದಳು, ಅವಳು ಬರುವವರೆಗೆ ಶೈಲಾ ಕಾದಳು. ಹೀಗೆ ಹೆಸರು ಕೂಡಿಸುವುದರಲ್ಲೇ ತಡವಾಯಿತು. ಉಳಿದದ್ದೆಲ್ಲ ಆಗಲೇ ಜಮಖಂಡಿಯ ಬಸ್ ಸ್ಟ್ಯಾಂಡಿನ ಹತ್ತಿರದ ಡಿಟಿಪಿ ಅಂಗಡಿಯಲ್ಲಿ ಟೈಪ್ ಆಗಿ ಕೂತಿತ್ತು. ಕೊನೆಯ ಹಾಳೆಯೊಂದೇ ಬಾಕಿ.

ಅಂಗಡಿಯವನು ಅದನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಶೈಲಾಳ ತರಗತಿಯಲ್ಲೇ ಇದ್ದ ಚಿದಾನಂದ ಹೋಗಿ ಯಾವುದಾದರೂ ರೆಡಿ ಪ್ರಾಜೆಕ್ಟ್ ಇದೆಯೇ ಎಂದು ಕೇಳಿದ. ಅಂಗಡಿಯವನು ಮೇಲಿನ ಹೆಸರು ಬದಲಿಸಿ ತೆಗೆದುಕೊಟ್ಟ. ಬಿಸಿಬಿಸಿ ಮಿರ್ಚಿ ಭಜಿ ಕಟ್ಟಿಕೊಟ್ಟ ಹಾಗೆ. ಚಿದಾನಂದ ಒಳಗೆ ಏನಿದೆ ಎಂದೂ ನೋಡದೆ ಒಯ್ದು ಕೊಟ್ಟ. ಭಜಿ ಕಟ್ಟಿದ ಕಾಗದವನ್ನು ಯಾರು ಓದುತ್ತಾರೆ?

ಶೈಲಾ ಕೊಟ್ಟದ್ದು ಅವನ ನಂತರ.

ಕಾಲೇಜಿನಲ್ಲಿ ಕಳವು ಹಿಡಿಯುವ ಕಂಪ್ಯೂಟರ್ ಬಂದಿದೆ. ಎರಡನ್ನೂ ಅದರೊಳಗೆ ಹಾಕಿದರು. ಎರಡೂ ಒಂದೇ ಎಂದು ಕಂಪ್ಯೂಟರ್ ಹೇಳಿತು. ಯಾರು ಯಾರದನ್ನು ಕದ್ದರು ಎಂದು ಅದು ಹೇಳಲಿಲ್ಲ. ಅದು ಪ್ರಾಜೆಕ್ಟ್ ನೋಡಿಕೊಳ್ಳುವ ಪಾಂಡುರಂಗ ಸರ್‌ಗೆ ತಾನಾಗಿಯೇ ತಿಳಿದುಬಿಟ್ಟಿತು. ಒಬ್ಬ ಸಾವುಕಾರರ ಮಗ. ಒಬ್ಬಳು ಮಾದರ ಕೇರಿಯ ಹುಡುಗಿ. ಅವನು ಮೊದಲು ಕೊಟ್ಟಿದ್ದಾನೆ. ಮತ್ತೇನು ಓದುವುದಿದೆ?

ಶೈಲಾ ಅಂದು ಬಂದು ಚಪ್ಪಲಿ ಬಿಡಲಿಲ್ಲ. ಬಾಗಿಲಲ್ಲೇ ನಿಂತಳು. "ನಾ ಚಿದಾನಂದಂದು ಕದ್ದು ಬರದೀನಿ, ತಪ್ಪಾತು ಅಂತ ಬರಕೊಡಬೇಕಂತ. ನಿನ್ನ ಸಹೀ ಬೇಕಂತ. ಇಲ್ಲಾಂದ್ರ ಪರೀಕ್ಷೆಗೆ ಕೂಡ್ಸೂದಿಲ್ಲಂತ."

"ಏನ ಕದ್ದೀಯಂತ?"

"ನಿನ್ನ ಕದ್ದೀನಂತ ಬೇ," ಎಂದಳು. "ಅಂವನೂ ಬರದಾನಂತ, ನಮ್ಮ ಅವ್ವ ಗಾಣದಾಗ ಸಿಪ್ಪಿ ಒಣಗಸ್ತಾಳ ಅಂತ. ಹೆಪ್ಪಿಂದೂ ಬರದಾನಂತ."

ಅವಳು ಅಳುತ್ತಿದ್ದಳು. ನನಗೆ ನಗು ಬಂತು. ಹೊಟ್ಟೆ ಹಿಡಿದು ನಕ್ಕೆ. ಅವಳಿಗೆ ಸಿಟ್ಟು ಬಂತು. ಆಮೇಲೆ ಅವಳೂ ನಕ್ಕಳು. ಕಣ್ಣು ಒರೆಸಿ ಊಟಕ್ಕೆ ಹಾಕಿದೆ. ಅವಳು ಉಂಡು ಕೈ ತೊಳೆದ ಮೇಲೆ ನನ್ನ ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ. ನಮ್ಮ ಮನೆಯ ನೀರು ಬೇಡ. ನಮ್ಮ ಮನೆಯ ಹೆಪ್ಪು ಬೇಡ. ನಾವು ಕುಡಿದ ಕಪ್ಪು ಬೇಡ. ನಮ್ಮ ಮಾತು ಮಾತ್ರ ಮುಟ್ಟಿದರೆ ಮೈಲಿಗೆಯಾಗುವುದಿಲ್ಲ. ಕದ್ದವರು ಅವರು, ತಪ್ಪಾಯಿತು ಎನ್ನಬೇಕಾದವರು ನಾವು.

ಮರುದಿನ ಗಾಣ ಬಿಟ್ಟು ಶೈಲಾಳ ಜೊತೆ ಜಮಖಂಡಿಯ ಬಸ್ಸು ಹತ್ತಿದೆ.

ಪಾಂಡುರಂಗ ಸರ್ ಕೋಣೆಯಲ್ಲಿ ಗಿರಿಮಲ್ಲಪ್ಪ ಸಾವುಕಾರರು ಆಗಲೇ ಕೂತಿದ್ದರು. ಮಗನ ಪ್ರಾಜೆಕ್ಟನ್ನು ಯಾರೋ ಕದ್ದಿದ್ದಾರೆಂದು ಅವರನ್ನೂ ಕರೆಸಿದ್ದರು. ನನ್ನನ್ನು ನೋಡಿದ್ದೇ, "ಏ ಸಾತಿ, ಗಾಣ ಬಿಟ್ಟು ನೀ ಇಲ್ಯಾಕ ಬಂದಿ?" ಎಂದರು.

"ಕಳ್ಳಿ ಅವ್ವ ನಾನ ರೀ," ಎಂದೆ.

ಕುರ್ಚಿ ಇತ್ತು. ಯಾರೂ ಕೂರು ಎನ್ನಲಿಲ್ಲ. ಶುಭದಾ ಮೇಡಂ ಒಳಗೆ ಬಂದವರು ಕುರ್ಚಿಯನ್ನು ನನ್ನ ಕಡೆ ಎಳೆದರು. "ಕೂಡ್ರಿ, ಸಾತವ್ವಾರ." ನನ್ನ ಹೆಸರು ಅವರಿಗೆ ಹೇಗೆ ಗೊತ್ತಾಯಿತು? ಶೈಲಾಳ ಕೊನೆಯ ಹಾಳೆಯನ್ನು ಓದಿದ್ದರು. ಇಡೀ ಕಾಲೇಜಿನಲ್ಲಿ ಓದಿದವರು ಅವರೊಬ್ಬರೇ.

ಪಾಂಡುರಂಗ ಸರ್ ಕೆಟ್ಟ ಮನುಷ್ಯರಲ್ಲ. ಅವಸರದ ಮನುಷ್ಯರು. ಪೆನ್ನು ನನ್ನ ಮುಂದೆ ಹಿಡಿದರು. "ಸಣ್ಣ ಹುಡುಗಿ, ತಪ್ಪ ಮಾಡ್ಯಾಳ. ಸಹೀ ಮಾಡ್ರಿ, ಇಲ್ಲಿಗೇ ಮುಗಸೋಣು."

"ಮಾಡ್ತೀನ್ರಿ ಸರ್. ಅದಕ್ಕ ಮೊದಲ ಈ ಹುಡುಗ ಏನ ಬರದಾನ, ಒಂದೀಟು ಓದಸ್ರಿ. ನನ್ನ ಮಗಳು ಏನ ಕದ್ದಾಳ ಅಂತ ನನಗೂ ತಿಳೀಲಿ."

"ಓದಲಿ ಬಿಡ್ರಿ," ಎಂದರು ಮೇಡಂ. "ತಾನ ಬರದದ್ದನ್ನ ಓದಾಕ ಏನ ತ್ರಾಸು?"

ಚಿದಾನಂದ ಮೂಲೆಯಲ್ಲಿ ಮೊಬೈಲ್ ಒತ್ತುತ್ತಿದ್ದ. ಅಪ್ಪ ಹೆಮ್ಮೆಯಿಂದ, "ಓದಲೇ ಜೋರಾಗಿ," ಎಂದರು. ಅವನು ಹಾಳೆ ತಿರುವಿ ಓದಲು ಶುರುಮಾಡಿದ.

"ನಮ್ಮ ಅವ್ವ ಗಾಣದಲ್ಲಿ ಸಿಪ್ಪೆ ಒಣಗಿಸುತ್ತಾಳೆ."

ಸಾವುಕಾರರು ಕಿವಿಯನ್ನು ಬೆರಳಿನಿಂದ ಅಲುಗಾಡಿಸಿಕೊಂಡರು. ಅವರ ಹೆಂಡತಿ ಗಾಣದ ಕಡೆ ಬರುವುದು ವರ್ಷಕ್ಕೊಮ್ಮೆ, ಪೂಜೆಯ ದಿನ, ಜರಿ ಸೀರೆಯಲ್ಲಿ.

"ಯಾರ ಅವ್ವ?"

"ಇಲ್ಲಿ ಹಿಂಗ ಐತಿ ಅಪ್ಪಾ," ಎಂದ ಚಿದಾನಂದ. ಮುಂದೆ ಓದಿದ. "ಸಂಜೆ ಅವಳ ಮೊಳಕೈಯಿಂದ ಸಿಪ್ಪೆಯ ಎಳೆಗಳನ್ನು ನಾನು ಪಿನ್ನಿನಿಂದ ತೆಗೆಯುತ್ತೇನೆ. ಆಗ ಅವಳು ನೋವಾಗದ ಹಾಗೆ ಹಾಡು ಗುನುಗುತ್ತಾಳೆ."

"ಛಲೋ ಮಗ," ಎಂದೆ ನಾನು. "ಸಂಜೀಕ ಬಾರಪಾ, ಮೊಳಕೈ ಭಾಳ ನೋಯಾಕತ್ತೈತಿ."

ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಪಾಂಡುರಂಗ ಸರ್ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಚಿದಾನಂದನ ಕಿವಿ ಕೆಂಪಾಗಿತ್ತು. ಆದರೂ ಓದುತ್ತಿದ್ದ. ಓದುವುದನ್ನು ನಿಲ್ಲಿಸಲು ಅವನಿಗೆ ದಾರಿ ತಿಳಿಯಲಿಲ್ಲ.

"ಗಾಣದ ಮಾಲೀಕರಾದ ಗಿರಿಮಲ್ಲಪ್ಪನವರು ನಮ್ಮ ಕೇರಿಯವರಿಗೆ ಮಾತ್ರ..."

ನಿಂತ.

"ಯಾಕ ನಿಂತಿ? ಓದು ಮಗನ," ಎಂದೆ. ನಿಜಕ್ಕೂ ನನಗೆ ಅವನ ಮೇಲೆ ಕರುಣೆ ಬರುತ್ತಿತ್ತು. ಆದರೆ ಪಕ್ಕದಲ್ಲಿ ನನ್ನ ಮಗಳು ತಲೆ ತಗ್ಗಿಸಿ ನಿಂತಿದ್ದಳು. ಯಾವ ತಪ್ಪೂ ಮಾಡದ ತಲೆ.

"...ನಮ್ಮ ಕೇರಿಯವರಿಗೆ ಮಾತ್ರ ಕಾಗದದ ಕಪ್ಪಿನಲ್ಲಿ ಚಹಾ ಕೊಡುತ್ತಾರೆ. ಕೊಪ್ಪರಿಗೆಯ ಹತ್ತಿರ ಬಿಡುವುದಿಲ್ಲ. ನಮ್ಮ ಅವ್ವನನ್ನು ಸಾತಿ ಎಂದು ಕರೆಯುತ್ತಾರೆ. ಇದು ಅನ್ಯಾಯ."

ಸಾವುಕಾರರು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಲೇ! ಅಪ್ಪನ ಮ್ಯಾಲ ಬರದೀಯೇನಲೇ ಇದನ್ನ?"

"ನಾ ಬರದಿಲ್ಲ ಅಪ್ಪಾ!"

"ನನ್ನ ಮಗ ಇಂಥಾದ್ದು ಬರಿಯಾಂಗಿಲ್ಲ ಸರ್. ಸತ್ತರೂ ಬರಿಯಾಂಗಿಲ್ಲ!"

"ಹಂಗಾರ ಯಾರ ಬರದಾರಂತೀರಿ ಸಾವುಕಾರ್ರ?" ಎಂದು ಮೇಡಂ ಮೆತ್ತಗೆ ಕೇಳಿದರು.

ಗಿರಿಮಲ್ಲಪ್ಪನವರು ಕೈ ಚಾಚಿ ಶೈಲಾಳನ್ನು ತೋರಿಸಿದರು. "ಇಕಿ! ಇಕೀನ ಬರದಾಳ! ಇಂಥಾ ಸೊಕ್ಕು ಇವರಿಗೇ ಇರತೈತಿ!"

ಸಾವುಕಾರರ ಬೆರಳು ಇನ್ನೂ ಗಾಳಿಯಲ್ಲೇ ಇತ್ತು. ಅವರಿಗೂ ತಿಳಿಯಿತು. ನಿಧಾನಕ್ಕೆ ಮಡಚಿಕೊಂಡರು.

"ಸಾಕ್ಷಿ ಸಿಕ್ಕಿತಲ್ರಿ ಸರ್," ಎಂದೆ. ಪೆನ್ನನ್ನು ವಾಪಸ್ ಅವರ ಮುಂದಿಟ್ಟೆ.

ಪಾಂಡುರಂಗ ಸರ್ ನೀರು ಕುಡಿದರು. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಬದಲಿಗೆ ರಾಜಿಗೆ ಇಳಿದರು. "ಆತ್ ಬಿಡ್ರಿ. ಶೈಲಾನ ಬರದಾಳ ಅಂತಾತು. ಹಿಂಗ ಮಾಡೋಣು. ಆ ಕಪ್ಪಿನ ಹಾಳಿ ತಗದುಬಿಡು ತಂಗಿ. ಕೊನೀ ಹಾಳಿನೂ ತಗಿ. ಊರಾಗಿನ ಹಿರಿಯರಿಂದ ತಿಳಿದದ್ದು ಅಂತ ಒಂದ ಸಾಲು ಬರದ್ರ ಸಾಕು. ಎಲ್ಲಾರೂ ಒಂದ ಊರಾವ್ರು. ಛಲೋ ಮಾರ್ಕ್ಸ್ ಕೊಡ್ತೀನಿ."

ಶೈಲಾ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ಪರೀಕ್ಷೆ ಇತ್ತು. ನನ್ನ ಗಾಣ ಇತ್ತು. ನಾನು ಹೂಂ ಎಂದರೆ ಎರಡೂ ಉಳಿಯುತ್ತಿದ್ದವು.

"ಇಲ್ರಿ ಸರ್," ಎಂದೆ. "ಈಗ ಇನ್ನ ಹೆಸರು ತಗದಂವ ಕಳ್ಳ ಅಂತ ತಿಳೀತು. ಈಗ ನೀವ ಹೆಸರ ತಗಿ ಅಂತೀರಿ. ಹೆಸರ ಇದ್ದದ್ದಕ್ಕ ನನ್ನ ಮಗಳಿಗೆ ತಡಾ ಆತು. ತಡಾ ಆದದ್ದಕ್ಕ ಕಳ್ಳಿ ಆದ್ಲು. ಇನ್ನ ಅದನ್ನೂ ಕಿತಗೊಂಡ್ರ ಅಕೀ ಹತ್ರ ಉಳ್ಯೂದೇನು? ಒಂದ ಹೆಸರೂ ತಗಿಯೂದಿಲ್ಲ."

"ಸಾತಿ," ಎಂದರು ಸಾವುಕಾರರು, ಬಾಗಿಲಲ್ಲಿ ನಿಂತು. "ನಾಳಿಂದ ಗಾಣಕ್ಕ ಬರಬ್ಯಾಡ."

"ಸಾತವ್ವ ರೀ," ಎಂದೆ. "ಬರೂದಿಲ್ರಿ."

ಮೇಡಂ ಶೈಲಾಳ ಪ್ರಾಜೆಕ್ಟನ್ನು ಎತ್ತಿ ಪಾಂಡುರಂಗ ಸರ್ ಕೈಗೆ ಕೊಟ್ಟರು. "ಇದ್ದ ಹಂಗ ತಗೋರಿ ಸರ್. ಇಲ್ಲಾಂದ್ರ ನಾ ಪಾಠಾ ಮಾಡಿದ್ದು ಸುಳ್ಳಾಗತೈತಿ." ಸರ್ ತೆಗೆದುಕೊಂಡರು. ಸಹಿ ಹಾಕುವ ಮೊದಲು ಒಂದು ಹಾಳೆ ತಿರುವಿದರು. ಇನ್ನೊಂದು ತಿರುವಿದರು. ಓದುತ್ತಿದ್ದರು.

ಬಸ್ಸಿನಲ್ಲಿ ಶೈಲಾ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ನನಗೆ ನಿದ್ದೆ ಬರಲಿಲ್ಲ. ಯಾವ ಹೊಲದಲ್ಲಿ ಕಬ್ಬು ಕಡಿಯುವ ಕೂಲಿ ಇದೆ, ಯಾರನ್ನು ಕೇಳಬೇಕು ಎಂದು ಲೆಕ್ಕ ಹಾಕುತ್ತಾ ಕೂತೆ.

ಬೆಳಗಾದರೆ ನಮ್ಮ ಬಾಗಿಲ ಮುಂದೆ ದುರಗವ್ವ. ಅವಳ ಹಿಂದೆ ಗಾಣದ ಉಳಿದ ಹೆಂಗಸರು. ಬುಟ್ಟಿ ಹಿಡಿದಿರಲಿಲ್ಲ.

"ಗಾಣಕ್ಕ ಹೋಗಿಲ್ಲೇನ್ರೇ?"

"ಹೋಗಿದ್ವಿ. ಕೊನೀ ಹಾಳ್ಯಾಗ ನಮ್ಮ ಹೆಸರೂ ಅದಾವ್ರಿ ಸಾವುಕಾರ್ರ, ಅಕೀನ್ನ ಬಿಡಿಸಿದ್ರ ನಮ್ಮನ್ನೂ ಬಿಡಸ್ರಿ ಅಂತ ಹೇಳಿ ಬಂದ್ವಿ," ಎಂದಳು ದುರಗವ್ವ. "ನನ್ನ ಹೆಸರ ದೊಡ್ಡ ಅಕ್ಷರದಾಗ ಐತ್ಯೋ ಇಲ್ಲೋ? ಅಷ್ಟು ದೊಡ್ಡ ಹೆಸರ ಇಟಗೊಂಡು ಸಣ್ಣ ಕೆಲಸಾ ಮಾಡಾಕ ಬರತೈತೇನ?"

ನುರಿಸುವ ಕಾಲ. ಬೇರೆ ಆಳು ಎಲ್ಲಿಯೂ ಸಿಗುವುದಿಲ್ಲ. ಸಿಪ್ಪೆ ಹಸಿಯಾಗಿಯೇ ಗುಡ್ಡ ಬಿತ್ತು. ಹಸಿ ಸಿಪ್ಪೆ ಹಾಕಿದರೆ ಒಲೆ ಹೊಗೆಯುಗುಳುತ್ತದೆ, ಉರಿಯುವುದಿಲ್ಲ. ಕೊಪ್ಪರಿಗೆಯಲ್ಲಿ ರಸ ಹುಳಿಯಾಯಿತು. ಊರಿನವರೆಲ್ಲ ಆ ಹೊಗೆ ನೋಡಿದರು. ಸಾವುಕಾರರೇ ಕರೆ ಕಳಿಸಿದರು. ಕಾಗದದ ಕಪ್ಪು ಬಿಟ್ಟರೆ ಬರುತ್ತೇವೆ ಎಂದೆವು.

ಈಗ ನಮಗೂ ಸ್ಟೀಲ್ ಕಪ್ಪು. ಅವನ್ನು ಬೇರೆ ಗೂಟಕ್ಕೆ ನೇತುಹಾಕಿದ್ದಾರೆ. ಸಾವುಕಾರರು ಸೋತರೂ ಪೂರ್ತಿ ಸೋಲುವವರಲ್ಲ. ದುರಗವ್ವ ದಿನವೂ ಯಾರೂ ನೋಡದಾಗ ಆ ಗೂಟದ ಕಪ್ಪನ್ನು ಈ ಗೂಟಕ್ಕೆ, ಈ ಗೂಟದ್ದನ್ನು ಆ ಗೂಟಕ್ಕೆ ಹಾಕಿ ಬರುತ್ತಾಳೆ. ಯಾವುದು ಯಾರದೆಂದು ಈಗ ಅವಳಿಗೂ ತಿಳಿಯದು.

ಚಿದಾನಂದನಿಗೆ ಮೇಡಂ ಶಿಕ್ಷೆ ಕೊಟ್ಟರು. ಹೊಸದಾಗಿ ಬರೆಯಬೇಕು. ಕೇಳಿ ಬರೆಯಬೇಕು. ಕೊನೆಯ ಹಾಳೆ ಇರಬೇಕು. ಯಾರನ್ನು ಕೇಳುವುದೆಂದು ತಿಳಿಯದೆ ಒಂದು ಸಂಜೆ ನಮ್ಮ ಮನೆಗೇ ಬಂದ. ಮೋಟರ್ ಸೈಕಲ್ಲನ್ನು ಕೇರಿಯ ಹೊರಗೆ ನಿಲ್ಲಿಸಿದ್ದ. ಕಟ್ಟೆಯ ತುದಿಯಲ್ಲಿ, ಬಿದ್ದುಹೋಗುವ ಹಾಗೆ ಕೂತ.

"ಏನಂತ ಕರೀಲಿ?" ಎಂದ, ನೆಲ ನೋಡುತ್ತಾ.

"ಅವ್ವ ಅಂತ ಬರದೀಯಲ್ಲ," ಎಂದಳು ಶೈಲಾ ಒಳಗಿನಿಂದ. "ಸಹೀನೂ ಮಾಡೀದಿ."

"ಸುಮ್ಮನಿರು ಮಗಳ," ಎಂದು ಅವಳನ್ನು ಗದರಿದೆ. ಅವನಿಗೆ ನೀರು ಕೊಟ್ಟೆ. ಚೊಂಬನ್ನು ನೋಡಿದ, ನನ್ನನ್ನು ನೋಡಿದ, ಕುಡಿದ. ಅವನು ಕೇಳಿದ, ನಾನು ಪಾತ್ರೆ ತಿಕ್ಕುತ್ತಾ ಹೇಳಿದೆ. ಕೊನೆಗೆ, "ಹೆಸರ ಹೇಳೂದು ಅಷ್ಟ ದೊಡ್ಡ ಮಾತೇನು?" ಎಂದ. ವಾದಕ್ಕಲ್ಲ. ಅವನಿಗೆ ನಿಜಕ್ಕೂ ತಿಳಿದಿರಲಿಲ್ಲ.

ಒಳಗೆ ಹೋಗಿ ಸಣ್ಣ ಬಟ್ಟಲಲ್ಲಿ ಒಂದು ಚಮಚ ಮೊಸರು ತಂದೆ. "ತಗೊಂಡ ಹೋಗಿ ಮನ್ಯಾಗ ಹಾಲಿಗೆ ಹೆಪ್ಪ ಹಾಕಸು. ಯಾರ ಮನೀದಂತ ಕೇಳಿದ್ರ ಖರೇ ಹೇಳು. ದೊಡ್ಡ ಮಾತೋ ಸಣ್ಣ ಮಾತೋ, ನಿನಗ ತಿಳೀತೈತಿ."

ಆಮೇಲೆ ಕೆಲವು ದಿನ ಅವನ ಸುಳಿವಿಲ್ಲ. ಬಟ್ಟಲೂ ಹೋಯಿತು ಎಂದುಕೊಂಡೆ. ಒಂದು ಸಂಜೆ ಬಂದ. ಮೋಟರ್ ಸೈಕಲ್ ನಮ್ಮ ಬಾಗಿಲವರೆಗೆ ಬಂತು. ಬಟ್ಟಲು ಕೊಟ್ಟ. ಬೂದಿ ಹಾಕಿ ತಿಕ್ಕಿದ ಗುರುತು ಇತ್ತು, ಚೆನ್ನಾಗಿ ತೊಳೆದಿರಲಿಲ್ಲ.

"ಮೊಸರ ಬಿತ್ತೇನಪಾ?"

ಅವನು ಕೈಬರಹದ ಹಾಳೆಗಳನ್ನು ಶೈಲಾಳಿಗೆ ಚಾಚಿದ. ಅವಳು ಜೋರಾಗಿ ಓದಿದಳು.

"ನಾನು ಸಾತವ್ವನವರ ಮನೆಯಿಂದ ಹೆಪ್ಪು ತಂದೆ. ಮೊಸರು ಗಟ್ಟಿಯಾಗಿತ್ತು. ಎಲ್ಲರೂ ಉಣ್ಣಲು ಕೂತಾಗ ಯಾರ ಮನೆಯದೆಂದು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಕೇಳಿದಳು. ಹೇಳಿದೆ. ಪಾತ್ರೆಯನ್ನೇ ಎತ್ತಿ ಹಿತ್ತಲಿಗೆ ಚೆಲ್ಲಿದಳು. ಬಟ್ಟಲನ್ನು ಯಾರೂ ಮುಟ್ಟಲಿಲ್ಲ. ನಾನೇ ತೊಳೆದೆ. ನಾನು ಬಟ್ಟಲು ತೊಳೆದದ್ದು ಇದೇ ಮೊದಲು."

ಶೈಲಾ ಓದುವುದನ್ನು ನಿಲ್ಲಿಸಿದಳು. ಚಿದಾನಂದ ಕಟ್ಟೆಯ ಮೇಲೆ ಪೂರ್ತಿ ಕೂತಿದ್ದ, ಗೋಡೆಗೆ ಒರಗಿ.

"ಇದ ಎಲ್ಲಿಂದನೂ ತಗೊಂಡಿಲ್ಲ," ಎಂದ. "ಇದು ನಂದ."

"ಹೌದಪಾ. ಇದು ನಿಂದ," ಎಂದೆ. "ಕೊನೀ ಹಾಳಿ ತೋರಸು."

ತೋರಿಸಿದ. ನನ್ನ ಹೆಸರಿತ್ತು. ದುರಗವ್ವನ ಹೆಸರಿತ್ತು. ಶೈಲಾಳ ಹೆಸರಿತ್ತು.

"ಒಂದ ಹೆಸರ ಬಿಟ್ಟೀಯಲ್ಲ."

"ಯಾರದು?"

"ಚೆಲ್ಲಿದವರದು."

ಅವನು ಬಹಳ ಹೊತ್ತು ಪೆನ್ನು ತಿರುಗಿಸುತ್ತಾ ಕೂತ. ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಎಲ್ಲರ ಕೆಳಗೆ ಬರೆದ: ಶ್ರೀಮತಿ ಇಂದ್ರವ್ವ, ನಮ್ಮ ಆಯಿ.

ಶೈಲಾ ಬಗ್ಗಿ ನೋಡಿದಳು. "ಯವ್ವಾ, ಎಷ್ಟ ಸಣ್ಣ ಅಕ್ಷರದಾಗ ಬರದಾನ ನೋಡ ಬೇ."

"ಇರಲಿ ಬಿಡು," ಎಂದೆ. "ಮೊದಲನೇ ಸಲ."